ದೋಸೆಹಿಟ್ಟಿನ ಹಿಂದಿದ್ದ ಟ್ಯೂಬು

ಸಾಗರದ ದೊಡ್ಡಮ್ಮನ ಮನೆಯ ಫ್ರಿಜ್ಜಿನಲ್ಲಿ ಮೊಸರು ಹುಡುಕುತ್ತಿದ್ದಾಗ ಅದು ಕೈಗೆ ಸಿಕ್ಕಿತು. ದೋಸೆಹಿಟ್ಟಿನ ಡಬ್ಬಿಯ ಹಿಂದೆ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಇನ್ನೊಂದು ಕವರು, ಅದರೊಳಗೆ ಉದ್ದನೆಯ ರಟ್ಟಿನ ಪೆಟ್ಟಿಗೆ. ಎಸ್ಟ್ರಿಯಾಲ್ ಕ್ರೀಮು, ಅಂದರೆ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನಿನ ಒಂದು ಬಗೆ. ಟ್ಯೂಬಿನ ಸೀಲು ಒಡೆದಿರಲಿಲ್ಲ. ಜೊತೆಗಿದ್ದ ಚೀಟಿಯನ್ನು ಮಾತ್ರ ಎಷ್ಟು ಸಲ ಬಿಡಿಸಿ ಮಡಿಸಿದ್ದಳೋ, ಮಡಿಕೆಗಳಲ್ಲೆಲ್ಲ ಹರಿದು ಎಂಟು ತುಂಡಾಗುವುದರಲ್ಲಿತ್ತು. ಕೆಲವು ಸಾಲುಗಳ ಕೆಳಗೆ ಪೆನ್ಸಿಲಿನ ಗೆರೆ: ಸ್ತನ ಕ್ಯಾನ್ಸರು, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು, ಮರೆವಿನ ಕಾಯಿಲೆ. ದೊಡ್ಡಮ್ಮ ನಿವೃತ್ತ ಹೈಸ್ಕೂಲು ಟೀಚರು. ಓದಿದ್ದರ ಕೆಳಗೆ ಗೆರೆ ಎಳೆಯದೆ ಬಿಡುವವಳಲ್ಲ.

"ಇದೇನು ದೊಡ್ಡಮ್ಮ?"

"ಒಳಗಿಡೆ ಮಾರಾಯ್ತಿ. ಅಲ್ಲಿಗೆ ಹಚ್ಚೋದು."

ಅಲ್ಲಿ. ಕನ್ನಡದ ಹೆಂಗಸರಿಗೆ ಆ ಜಾಗಕ್ಕೆ ಇರುವ ಹೆಸರು ಇದೊಂದೇ. ಯೋನಿ ಎಂಬುದು ಪುಸ್ತಕದ ಮಾತು. ಮಿಕ್ಕ ಪದಗಳನ್ನು ಗಂಡಸರು ಬೈಗುಳಕ್ಕೆ ಎತ್ತಿಕೊಂಡು ಹೋಗಿದ್ದಾರೆ. ಇದು ನಮ್ಮ ಸಂಕೋಚ ಅಂದುಕೊಂಡಿದ್ದೆ, ಪೂರ್ತಿ ಹಾಗಲ್ಲ. ಮುಟ್ಟು ನಿಂತ ಮೇಲೆ ಅಲ್ಲಿ ಆಗುವ ಒಣಗುವಿಕೆ, ಉರಿ, ಮೂತ್ರದ ಅವಸರ ಇವಕ್ಕೆಲ್ಲ ಸೇರಿಸಿ 2014ರಲ್ಲಿ ಎರಡು ದೊಡ್ಡ ವೈದ್ಯ ಸಂಘಗಳು ಹೊಸ ಹೆಸರು ಇಟ್ಟವು. 'ಯೋನಿ' ಸೇರಿದ್ದ ಹಳೆಯ ಹೆಸರನ್ನು ಬಿಡಲು ಅವರು ಕೊಟ್ಟ ಕಾರಣಗಳಲ್ಲಿ ಒಂದು, 'ಯೋನಿ' ಎಂಬ ಪದ ಸಾರ್ವಜನಿಕ ಮಾತಿಗೂ ಪತ್ರಿಕೆಗಳಿಗೂ ಒಗ್ಗುವುದಿಲ್ಲ ಎಂಬುದು! ಅಷ್ಟು ಯೋಚಿಸಿ ಇಟ್ಟ ಹೆಸರು 'ಜೆನಿಟೊಯೂರಿನರಿ ಸಿಂಡ್ರೋಮ್ ಆಫ್ ಮೆನೊಪಾಸ್'. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ದೊಡ್ಡಮ್ಮ ಎರಡು ಸಲ ಬಚ್ಚಲಿಗೆ ಹೋಗಿ ಬಂದಾಳು.

ಅವಳ ಕಷ್ಟವೂ ಅದೇ ಆಗಿತ್ತು. ಉರಿಮೂತ್ರ, ಅರ್ಧ ಗಂಟೆಗೊಮ್ಮೆ ಅವಸರ. ಉಷ್ಣ ಎಂದು ಬಾರ್ಲಿ ನೀರು, ಕೊತ್ತಂಬರಿ ಕಷಾಯ, ಎಳನೀರು ಎಲ್ಲ ಆಗಿತ್ತು. ಒಂದೇ ವರ್ಷದಲ್ಲಿ ಐದು ಸಲ ಆ್ಯಂಟಿಬಯಾಟಿಕ್ ನುಂಗಿದ್ದಳು. ಬೆಂಗಳೂರಿನ ಬಸ್ಸು ತರೀಕೆರೆ, ಅರಸೀಕೆರೆ, ತಿಪಟೂರಿನಲ್ಲಿ ಎಷ್ಟೆಷ್ಟು ನಿಮಿಷ ನಿಲ್ಲುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಅಷ್ಟೆಲ್ಲ ಲೆಕ್ಕ ಹಾಕಿ, ಕೊನೆಗೆ ಮೊಮ್ಮಗಳ ನಾಮಕರಣಕ್ಕೆ ಹೋಗದೆ ಉಳಿದಿದ್ದಳು. ಕಾಲುನೋವು ಎಂದು ಎಲ್ಲರಿಗೂ ಸುಳ್ಳು ಹೇಳಿದ್ದಳಂತೆ.

ಕ್ರೀಮನ್ನು ಯಾರೋ ಒಬ್ಬ ಡಾಕ್ಟರು ಬರೆದುಕೊಟ್ಟಿದ್ದರು. ಮೆಡಿಕಲ್ ಶಾಪಿನ ಹುಡುಗ ಪೆಟ್ಟಿಗೆಯನ್ನು ಎತ್ತಿ ಹಿಡಿದು, ನಾಲ್ಕು ಜನರಿಗೆ ಕೇಳುವಂತೆ "ಇದು ಯಾರಿಗಮ್ಮ?" ಎಂದ. ಇನ್ನೊಬ್ಬ ವೈದ್ಯರಿಗೆ ತೋರಿಸಿದರೆ ಅವರು, "ಯಜಮಾನರು ಹೋಗಿ ಒಂಬತ್ತು ವರ್ಷ ಆಯ್ತಲ್ಲ, ಈಗ ಯಾಕೆ ಇದೆಲ್ಲ?" ಎಂದರಂತೆ. ಈ ಮಾತು ಹೇಳುವಾಗ ದೊಡ್ಡಮ್ಮ ಬೇರೆ ಕಡೆ ನೋಡುತ್ತಿದ್ದಳು. ಗಂಡ ಇಲ್ಲದವಳಿಗೆ ಮೂತ್ರಕೋಶವೂ ಇಲ್ಲವೇ? ಉಳಿದ ಕೆಲಸವನ್ನು ಚೀಟಿ ಮುಗಿಸಿತು. ಟ್ಯೂಬು ಫ್ರಿಜ್ಜು ಸೇರಿತು.

ಮುಂದಿನ ವಾರ ಅವಳನ್ನು ಶಿವಮೊಗ್ಗದ ಸ್ತ್ರೀರೋಗ ತಜ್ಞೆಯೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಆ ಮುಕ್ಕಾಲು ಗಂಟೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಡಾಕ್ಟರು ಮೊದಲು ಚೀಟಿಯನ್ನು ಮೇಜಿನ ಮೇಲೆ ಜೋಡಿಸಿಟ್ಟು, ಪೆನ್ಸಿಲಿನ ಗೆರೆಗಳನ್ನೆಲ್ಲ ಓದಿದರು. ನಗಲಿಲ್ಲ.

"ಇದು ನುಂಗೋ ಮಾತ್ರೆಗೆ ಬರೆದದ್ದಮ್ಮ. ಟ್ಯೂಬಿನ ಪೆಟ್ಟಿಗೆಗೂ ಹಾಕಿಬಿಟ್ಟಿದ್ದಾರೆ."

ಆ ಚೀಟಿಯ ಹಿಂದೆ ಒಂದು ಕಥೆ ಇದೆ. ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಅಧ್ಯಯನದಲ್ಲಿ 16,608 ಹೆಂಗಸರಿಗೆ ದಿನಕ್ಕೊಂದು ಮಾತ್ರೆ ನುಂಗಲು ಕೊಟ್ಟಿದ್ದರು. ಕೆಲವರದು ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನು ಸೇರಿದ್ದು, ಉಳಿದವರದು ಬರೀ ಹುಸಿಮಾತ್ರೆ. ಅವರ ಸರಾಸರಿ ವಯಸ್ಸು 63. ಅವಧಿಗೆ ಮುಂಚೆಯೇ, 2002ರ ಜುಲೈನಲ್ಲಿ, ಆ ಭಾಗವನ್ನು ನಿಲ್ಲಿಸಿದರು. ಔಷಧ ತೆಗೆದುಕೊಂಡ 10,000 ಹೆಂಗಸರಲ್ಲಿ ವರ್ಷಕ್ಕೆ 8 ಸ್ತನ ಕ್ಯಾನ್ಸರು, 8 ಪಾರ್ಶ್ವವಾಯು ಹೆಚ್ಚಾಗಿ ಕಂಡಿದ್ದವು. ಮರುವರ್ಷ ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆ ಈಸ್ಟ್ರೋಜೆನ್ ಇರುವ ಪ್ರತಿಯೊಂದು ಔಷಧಕ್ಕೂ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಆ ಅಧ್ಯಯನದಲ್ಲಿ ಪರೀಕ್ಷೆಗೇ ಒಳಪಡದ, ಒಳಗೆ ಹಚ್ಚುವ ಕ್ರೀಮಿಗೂ ಅದೇ ಚೌಕಟ್ಟು. 2025ರ ನವೆಂಬರಿನಲ್ಲಿ ಅದೇ ಸಂಸ್ಥೆ ಚೌಕಟ್ಟು ತೆಗೆಸುತ್ತೇವೆ ಎಂದು ಘೋಷಿಸಿತು. ನಡುವೆ ಇಪ್ಪತ್ತೆರಡು ವರ್ಷ. ಅಷ್ಟರಲ್ಲಿ ಎಷ್ಟು ಫ್ರಿಜ್ಜುಗಳಲ್ಲಿ ಎಷ್ಟು ಟ್ಯೂಬುಗಳು ತಣ್ಣಗೆ ಕೂತವೋ.

ಹಾಗೆಂದು ಈಸ್ಟ್ರೋಜೆನ್ ಬಗ್ಗೆ ಈಗ ಕೇಳಿಬರುತ್ತಿರುವ ಹೊಗಳಿಕೆಯನ್ನೆಲ್ಲ ನಾನು ನಂಬುವುದಿಲ್ಲ. 1966ರಲ್ಲಿ ಅಮೆರಿಕದ ರಾಬರ್ಟ್ ವಿಲ್ಸನ್ ಎಂಬ ವೈದ್ಯರು 'ಫೆಮಿನೈನ್ ಫಾರೆವರ್' ಪುಸ್ತಕ ಬರೆದು, ಈಸ್ಟ್ರೋಜೆನ್ ನುಂಗಿದರೆ ಹೆಣ್ಣಿಗೆ ಮುಪ್ಪೇ ಇಲ್ಲವೆಂಬಂತೆ ಸಾರಿದರು. 1975ಕ್ಕೆ ಹಾಗೆ ನುಂಗಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರು ಹೆಚ್ಚುತ್ತಿರುವುದು ಬೆಳಕಿಗೆ ಬಂತು. ದೊಡ್ಡಮ್ಮನಿಗೆ ಯೌವನ ಬೇಕಿಲ್ಲ. ತಿಪಟೂರಿನ ತನಕ ತಡೆದುಕೊಳ್ಳುವಂತಾದರೆ ಸಾಕು.

ಡಾಕ್ಟರು ಪರೀಕ್ಷೆ ಮಾಡಿ ಬಂದು ಕೈ ತೊಳೆದುಕೊಳ್ಳುತ್ತ ಹೇಳಿದ್ದು ಹೀಗೆ. ಈಸ್ಟ್ರೋಜೆನ್ ಇರುವಾಗ ಒಳಗಿನ ಪದರ ದಪ್ಪವಾಗಿ, ತೇವವಾಗಿ ಇರುತ್ತದೆ. ಅದರ ಜೀವಕೋಶಗಳಲ್ಲಿ ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನು. ಅದನ್ನು ತಿಂದು ಹುಳಿ ಮಾಡುವ ಲ್ಯಾಕ್ಟೊಬ್ಯಾಸಿಲಸ್ ಅಲ್ಲೇ ಸಂಸಾರ ಹೂಡಿರುತ್ತದೆ. ಆ ಹುಳಿಗೆ ಹೆದರಿ ರೋಗಾಣುಗಳು ದೂರ ಇರುತ್ತವೆ. ಮುಟ್ಟು ನಿಂತ ಮೇಲೆ ಪದರ ತೆಳುವಾಗುತ್ತದೆ, ಸಕ್ಕರೆ ಹೋಗುತ್ತದೆ, ಹುಳಿ ಇಳಿಯುತ್ತದೆ. ಕರುಳಿನ ಕಡೆಯ ರೋಗಾಣುಗಳು ಸಲೀಸಾಗಿ ಮೂತ್ರದ ದಾರಿಗೆ ಬರುತ್ತವೆ.

"ಲ್ಯಾಕ್ಟೊ ಅಂದ್ರೆ ಮೊಸರಿಂದಲ್ವಾ?" ಎಂದಳು ದೊಡ್ಡಮ್ಮ.

"ಅದರ ಬಳಗವೇ."

"ಹಾಗಾದ್ರೆ ಹೆಪ್ಪು ಇದ್ರೂ ಹಾಲೇ ಇಲ್ದಂಗೆ ಆಯ್ತು ನನ್ನ ಕಥೆ."

ಡಾಕ್ಟರು ಈಗ ನಕ್ಕರು. ಮೂವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲವಂತೆ. ಕೂಡಲೇ ಗಂಭೀರವಾಗಿ, "ಹಾಗಂತ ಮೊಸರು ಹಚ್ಚಿಕೊಳ್ಳಬೇಡಿ" ಎಂದೂ ಸೇರಿಸಿದರು. ಹಚ್ಚಿಕೊಂಡು ಬರುವವರು ಇದ್ದಾರೆ.

ಈ ಹಾಲು–ಹೆಪ್ಪಿನ ಲೆಕ್ಕಕ್ಕೆ ಗಟ್ಟಿ ಪುರಾವೆ ಇದೆ. ಮುಟ್ಟು ನಿಂತ ಮೇಲೆ ಪದೇ ಪದೇ ಮೂತ್ರದ ಸೋಂಕು ಬರುತ್ತಿದ್ದ 93 ಹೆಂಗಸರಲ್ಲಿ ಕೆಲವರಿಗೆ ಎಸ್ಟ್ರಿಯಾಲ್ ಕ್ರೀಮು, ಉಳಿದವರಿಗೆ ಔಷಧವಿಲ್ಲದ ಕ್ರೀಮು ಕೊಟ್ಟು ನೋಡಿದ ಅಧ್ಯಯನ 1993ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂತು. ಔಷಧವಿಲ್ಲದವರಿಗೆ ವರ್ಷಕ್ಕೆ ತಲಾ 5.9 ಸಲ ಸೋಂಕು, ಎಸ್ಟ್ರಿಯಾಲ್ ಹಚ್ಚಿದವರಿಗೆ 0.5. ದೊಡ್ಡಮ್ಮನ ಐದು ಕೋರ್ಸುಗಳು ನೆನಪಾದವು.

ಮನೆಗೆ ಬಂದ ಮೇಲೆ ನಾನು ದಾರಿ ತಪ್ಪಿದೆ. ಈ ಈಸ್ಟ್ರೋಜೆನ್ ಮೊದಲು ಸಿಕ್ಕಿದ್ದು ಹೇಗೆ ಎಂದು ಹುಡುಕಲು ಹೋಗಿ ರಾತ್ರಿ ಒಂದು ಗಂಟೆಯಾಯಿತು. 1923ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎಡ್ಗರ್ ಆ್ಯಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಹಂದಿಯ ಅಂಡಾಶಯದ ರಸ ತೆಗೆದು, ಅಂಡಾಶಯ ಕತ್ತರಿಸಿ ತೆಗೆದ ಇಲಿಗಳಿಗೆ ಚುಚ್ಚಿದರು. ರಸದಲ್ಲಿ ಹಾರ್ಮೋನು ಇದೆಯೇ ಎಂದು ತಿಳಿಯಲು ಅವರು ನೋಡಿದ್ದು ಎಲ್ಲಿ? ಇಲಿಯ ಯೋನಿಯಲ್ಲಿ. ಅಲ್ಲಿಯ ಕೋಶಗಳನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಕಂಡರು. ಮುಂದೆ ಹಾರ್ಮೋನನ್ನು ಅಳೆದದ್ದೂ 'ಇಲಿ ಯೂನಿಟ್' ಲೆಕ್ಕದಲ್ಲೇ. ಅಂದರೆ ಈ ವಸ್ತುವಿನ ಪತ್ತೆ ಹಚ್ಚಿಕೊಟ್ಟಿದ್ದೇ 'ಅಲ್ಲಿ'! 1930ರಲ್ಲಿ ಗೈ ಮೇರಿಯನ್ ಬಸುರಿಯರ ಮೂತ್ರದಿಂದ ಎಸ್ಟ್ರಿಯಾಲ್ ತೆಗೆದರು, ದೊಡ್ಡಮ್ಮನ ಟ್ಯೂಬಿನಲ್ಲಿರುವುದೂ ಅದೇ. 1935ರ ಹೊತ್ತಿಗೆ ಡಾಯ್ಸಿ ತಂಡ ನಾಲ್ಕು ಟನ್ ಹಂದಿ ಅಂಡಾಶಯ ಅರೆದು, ಇನ್ನೂ ಪ್ರಬಲವಾದ ಎಸ್ಟ್ರಡಯಾಲ್ ಎಂಬ ಈಸ್ಟ್ರೋಜೆನ್ ಪಡೆಯಿತು. ಬಂದದ್ದು 12 ಮಿಲಿಗ್ರಾಂ.

ಈ ಹನ್ನೆರಡು ಮಿಲಿಗ್ರಾಂ ನೋಡಿ, ಈಗಿನ ಔಷಧದ್ದೂ ಒಂದು ಲೆಕ್ಕ ಮಾಡಿದೆ. ಪಾಶ್ಚಾತ್ಯ ದೇಶಗಳಲ್ಲಿ ಒಳಗೆ ಇಟ್ಟುಕೊಳ್ಳಲು ಎಸ್ಟ್ರಡಯಾಲಿನ ಪುಟ್ಟ ಮಾತ್ರೆ ಇದೆ, 10 ಮೈಕ್ರೊಗ್ರಾಮಿನದು. ಮೊದಲ ಎರಡು ವಾರ ದಿನಕ್ಕೊಂದು, ಆಮೇಲೆ ವಾರಕ್ಕೆರಡು. ಮೊದಲ ವರ್ಷಕ್ಕೆ ಒಟ್ಟು 114 ಮಾತ್ರೆ, 1.14 ಮಿಲಿಗ್ರಾಂ. ನುಂಗುವ ಎಸ್ಟ್ರಡಯಾಲ್ ಮಾತ್ರೆ ಒಂದರಲ್ಲೇ ಸಾಮಾನ್ಯವಾಗಿ 1 ಮಿಲಿಗ್ರಾಂ ಇರುತ್ತದೆ. ಒಬ್ಬಳು ಒಂದು ದಿನ ನುಂಗುವುದು ಇನ್ನೊಬ್ಬಳಿಗೆ ಹೆಚ್ಚುಕಡಿಮೆ ವರ್ಷಕ್ಕೆ ಸಾಕು. ಇಬ್ಬರಿಗೂ ಒಂದೇ ಚೀಟಿ! (ಎಸ್ಟ್ರಿಯಾಲ್ ಕ್ರೀಮಿನಲ್ಲಿ ಒಂದು ಸಲಕ್ಕೆ 0.5 ಮಿಲಿಗ್ರಾಂ ಎಂದಿರುತ್ತದೆ, ಹೆದರಬೇಡಿ; ಅದು ಎಸ್ಟ್ರಡಯಾಲಿಗಿಂತ ಬಹಳ ದುರ್ಬಲ.)

ಆಮೇಲೆ ಕುದುರೆಗಳು. ಬಸುರಿ ಕುದುರೆಯ ಮೂತ್ರದಲ್ಲಿ ಈಸ್ಟ್ರೋಜೆನ್ ಹೇರಳವಾಗಿದೆ ಎಂದು ಗೊತ್ತಾದದ್ದೇ ತಡ, 1941ರಲ್ಲಿ ಕೆನಡಾದಲ್ಲಿ ಅದರಿಂದಲೇ ಮಾತ್ರೆ ಬಂತು, ಹೆಸರು ಪ್ರೆಮಾರಿನ್. ಬಸುರಿ, ಹೆಣ್ಣು ಕುದುರೆ, ಮೂತ್ರ ಎಂಬ ಮೂರು ಇಂಗ್ಲಿಷ್ ಪದಗಳ ತುಂಡುಗಳನ್ನು ಸೇರಿಸಿ ಕಟ್ಟಿದ ಹೆಸರು. ಚಳಿಗಾಲವಿಡೀ ಬಸುರಿ ಕುದುರೆಗಳನ್ನು ಸಾಲಾಗಿ ಕಟ್ಟಿ, ಹಿಂದೆ ಚೀಲ ತೂಗುಹಾಕಿ ಮೂತ್ರ ಹಿಡಿಯುವ ಫಾರಮ್ಮುಗಳು ಕೆನಡಾದ ಬಯಲುಸೀಮೆಯಲ್ಲಿ ಎದ್ದವು. ಅದಕ್ಕಿಂತ ವಿಚಿತ್ರ, 1934ರಲ್ಲಿ ಬರ್ನ್‌ಹಾರ್ಡ್ ಜೋಂಡೆಕ್ ಎಂಬ ವೈದ್ಯರು ಕಂಡದ್ದು. ನಾಜಿಗಳ ಕಾಲದಲ್ಲಿ ಬರ್ಲಿನ್ ಬಿಡಬೇಕಾಗಿ ಬಂದ ಯಹೂದಿ ಅವರು. ಗಂಡು ಕುದುರೆಯ ಮೂತ್ರದಲ್ಲೂ ಈ ಹೆಣ್ಣು ಹಾರ್ಮೋನು ರಾಶಿರಾಶಿಯಾಗಿದೆ ಎಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮೀಸೆ ತಿರುವುವ ಗಂಡಸುತನದ ಚಿತ್ರಗಳಿಗೆಲ್ಲ ಕುದುರೆ ಯಾಕೆ ಬೇಕೋ!

ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳಿದರೆ ಕಿರುಚಿದಳು. "ಕುದುರೆ ಉಚ್ಚೆನಾ?" ಒಂದು ಗಳಿಗೆ ಬಿಟ್ಟು, "ಇರ್ಲಿ, ಪಂಚಗವ್ಯ ಕುಡಿದ ಬಾಯಿ ನಮ್ದು." ಅವಳದು ಕುದುರೆಯದಲ್ಲ, ಈಗಿನ ಎಸ್ಟ್ರಿಯಾಲನ್ನು ಸಸ್ಯಮೂಲದಿಂದ ಮಾಡುತ್ತಾರೆ ಎಂದು ಸಮಾಧಾನ ಮಾಡಬೇಕಾಯಿತು.

ಶಿವಮೊಗ್ಗಕ್ಕೆ ಮರಳುತ್ತೇನೆ. ಡಾಕ್ಟರು ಬರೆಯುವ ಮುಂಚೆ ಕೇಳಿದ ಪ್ರಶ್ನೆಗಳೇ ಮುಖ್ಯ. ಮುಟ್ಟು ನಿಂತ ಮೇಲೆ ಯಾವಾಗಲಾದರೂ ರಕ್ತ ಕಂಡಿದೆಯೇ? ಕಂಡಿದ್ದರೆ ಅದರ ಕಾರಣ ಗೊತ್ತಾಗುವ ತನಕ ಕ್ರೀಮಿಲ್ಲ. ಸ್ತನದ್ದೋ ಗರ್ಭಕೋಶದ್ದೋ ಕ್ಯಾನ್ಸರು ಆಗಿತ್ತೇ? ಸಕ್ಕರೆ ಕಾಯಿಲೆ? ತುರಿಕೆ, ಬಿಳಿ ಮಚ್ಚೆ? ಉರಿ ಅಂದದ್ದೆಲ್ಲ ಈಸ್ಟ್ರೋಜೆನ್ ಕೊರತೆಯಲ್ಲ. ಸಕ್ಕರೆ ಏರಿದರೆ ಬೂಷ್ಟಿನ ಸೋಂಕು ಬರುತ್ತದೆ, ಬಿಳಿ ಮಚ್ಚೆಯ ಚರ್ಮರೋಗಕ್ಕೆ ಮದ್ದೇ ಬೇರೆ. ಮೂತ್ರವನ್ನು ಕಲ್ಚರಿಗೆ ಕಳಿಸಿದರು. ಡಾಕ್ಟರ ಚೀಟಿ ಬೇಡದ ಕಡೆಯೂ ಪ್ರಶ್ನೆ ತಪ್ಪುವುದಿಲ್ಲ. ಬ್ರಿಟನ್ನಿನಲ್ಲಿ 2022ರಿಂದ ಆ 10 ಮೈಕ್ರೊಗ್ರಾಂ ಮಾತ್ರೆ ಡಾಕ್ಟರ ಚೀಟಿಯಿಲ್ಲದೆ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಆದರೆ 50 ದಾಟಿರಬೇಕು, ಮುಟ್ಟು ನಿಂತು ವರ್ಷವಾಗಿರಬೇಕು, ಅಂಗಡಿಯ ಫಾರ್ಮಸಿಸ್ಟು ವಿಚಾರಿಸಿಯೇ ಕೊಡಬೇಕು. ನಮ್ಮಲ್ಲಿ ಯಾರೂ ಏನೂ ಕೇಳದೆ ಸ್ಟಿರಾಯ್ಡು ಬೆರೆಸಿದ ತುರಿಕೆಯ ಮುಲಾಮು ಕೊಟ್ಟುಬಿಡುತ್ತಾರೆ. ಆ ಧಾರಾಳದ ಬಗ್ಗೆ ನನಗೆ ಎಳ್ಳಷ್ಟೂ ಗೌರವವಿಲ್ಲ.

ಹಚ್ಚುವ ಕ್ರಮ: ರಾತ್ರಿ ಮಲಗುವ ಮುಂಚೆ, ಕೈ ತೊಳೆದು, ಪೆಟ್ಟಿಗೆಯಲ್ಲಿ ಬರುವ ಕೊಳವೆಯ ಗುರುತಿನ ತನಕ ಮಾತ್ರ ತುಂಬಿ ಹಚ್ಚಬೇಕು. ಮೊದಲ ಎರಡು–ಮೂರು ವಾರ ದಿನಾ, ನಂತರ ವಾರಕ್ಕೆರಡು ಸಲ. ಹೆಚ್ಚು ಹಾಕಿದರೆ ಬೇಗ ಗುಣ ಎಂಬುದಿಲ್ಲ. ಮೊದಲ ದಿನಗಳಲ್ಲಿ ಪದರ ತೆಳುವಿರುವುದರಿಂದ ಒಂದಿಷ್ಟು ರಕ್ತಕ್ಕೂ ಸೇರುತ್ತದೆ, ಪದರ ಕಟ್ಟಿಕೊಂಡಂತೆ ಅದು ತಗ್ಗುತ್ತದೆ. ಸ್ವಲ್ಪ ಉರಿಯಬಹುದು. ಪೂರ್ತಿ ಗುಣ ಕಾಣಲು ಮೂರು ತಿಂಗಳೇ ಬೇಕಾಗಬಹುದು, ಆರಾಮಾಯಿತೆಂದು ಬಿಟ್ಟರೆ ತೊಂದರೆ ಮರಳುತ್ತದೆ. ಇಷ್ಟು ಕಡಿಮೆ ಪ್ರಮಾಣಕ್ಕೆ ಜೊತೆಗೆ ಪ್ರೊಜೆಸ್ಟರೋನ್ ಮಾತ್ರೆ ಸಾಮಾನ್ಯವಾಗಿ ಬೇಡ. ಒಂದು ಚುಕ್ಕೆ ರಕ್ತ ಕಂಡರೂ ಮಾತ್ರ ಕಾಯದೆ ಬರಬೇಕು.

"ವಾರಕ್ಕೆರಡು ಅಂದ್ರೆ ಸೋಮವಾರ, ಗುರುವಾರ?"

"ಆಗಬಹುದು."

ದೊಡ್ಡಮ್ಮ ಯೋಚಿಸಿದಳು. ಸೋಮವಾರ ಒಪ್ಪತ್ತು, ಗುರುವಾರ ರಾಯರು. "ಬುಧವಾರ, ಭಾನುವಾರ ಮಾಡ್ಕೋತೀನಿ."

ಡಾಕ್ಟರು ನನ್ನ ಕಡೆಗೂ ತಿರುಗಿದರು. ನನಗೆ ನಲವತ್ತೊಂಬತ್ತು, ಮುಟ್ಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪೂರ್ತಿ ನಿಲ್ಲುವ ತನಕ ಕಾಯಬೇಕಿಲ್ಲ, ಒಣಗುವಿಕೆ ಶುರುವಾದರೆ ಈಗಲೂ ಹಚ್ಚಬಹುದು. ಆದರೆ ಇದು ಗರ್ಭ ತಡೆಯುವುದಿಲ್ಲ. ಕೂಡುವ ಮುಂಚೆ ಜಾರಲೆಂದು ಹಚ್ಚುವ ಕ್ರೀಮೂ ಇದಲ್ಲ: ಗಂಡನ ಮೈಗೂ ಸೇರುತ್ತದೆ, ಎಣ್ಣೆಯಂಶವಿದ್ದರೆ ಕಾಂಡೋಮ್ ದುರ್ಬಲವಾಗಿ ಹರಿಯಬಹುದು. ಕೊಬ್ಬರಿ ಎಣ್ಣೆಗೂ ಈ ಎರಡನೆಯ ಮಾತು ಅನ್ವಯ. ಇನ್ನೂ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡು ಬರುವವರ ಬಗ್ಗೆ ಅವರು ಬೇಸರದಿಂದ ಹೇಳಿದರು. ಅವರಿಗೆ ಮುಟ್ಟು ನಿಲ್ಲುವುದು ಒಂದೇ ರಾತ್ರಿಯಲ್ಲಿ. ಅಲ್ಲಿಯ ಒಣಗುವಿಕೆಗೆ ಈ ಕ್ರೀಮು ಆದೀತು, ಮೂಳೆ ಮತ್ತು ಹೃದಯಕ್ಕೆ ಸಾಲದು. ಅವರ ಚಿಕಿತ್ಸೆಯ ಮಾತೇ ಬೇರೆ.

ಏಳುವಾಗ ದೊಡ್ಡಮ್ಮ, "ನಮ್ಮ ತಂಗಿಗೂ ಒಂದು ಬರೀರಿ" ಎಂದಳು. ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರು ಆಗಿ, ಈಗ ಲೆಟ್ರೊಜೋಲ್ ಮಾತ್ರೆ ನಡೆಯುತ್ತಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ 49,237 ಸ್ತನ ಕ್ಯಾನ್ಸರ್ ರೋಗಿಗಳ ದಾಖಲೆ ನೋಡಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯೋನಿಯ ಈಸ್ಟ್ರೋಜೆನ್ ಬಳಸಿದವರಲ್ಲಿ ಆ ಕ್ಯಾನ್ಸರಿನ ಸಾವು ಹೆಚ್ಚಾಗಿರಲಿಲ್ಲ. ಆದರೆ 2022ರ ಡೆನ್ಮಾರ್ಕಿನ ಅಧ್ಯಯನದಲ್ಲಿ, ಲೆಟ್ರೊಜೋಲ್ ಜಾತಿಯ ಮಾತ್ರೆಯ ಜೊತೆ ಬಳಸಿದವರಿಗೆ ಕ್ಯಾನ್ಸರು ಮರುಕಳಿಸುವುದು ಸ್ವಲ್ಪ ಹೆಚ್ಚು ಕಂಡಿತ್ತು. ಆ ಮಾತ್ರೆಯ ಕೆಲಸವೇ ಮೈಯ ಈಸ್ಟ್ರೋಜೆನ್ ಇಲ್ಲವಾಗಿಸುವುದು. ಚಿಕ್ಕಮ್ಮ ಮೊದಲು ಹಾರ್ಮೋನಿಲ್ಲದ ಮಾಯಿಶ್ಚರೈಸರ್ ನೋಡಲಿ, ಸಾಲದಿದ್ದರೆ ತನ್ನ ಕ್ಯಾನ್ಸರ್ ಡಾಕ್ಟರನ್ನು ಕೇಳಲಿ, ಟ್ಯೂಬು ಹಂಚಿಕೊಳ್ಳುವುದು ಮಾತ್ರ ಬೇಡ ಎಂದರು.

ಫ್ರಿಜ್ಜಿನ ಟ್ಯೂಬಿನ ತಾರೀಕು ಮುಗಿದಿತ್ತು. ಹೊಸದು ತೆಗೆದುಕೊಂಡೆವು. ಈ ಸಲ ಅಂಗಡಿಯ ಹುಡುಗ ಕೇಳುವ ಮೊದಲೇ ದೊಡ್ಡಮ್ಮ, "ನನಗೇ ಕಣಪ್ಪ" ಎಂದಳು.

ನಾಲ್ಕು ತಿಂಗಳ ಮೇಲೆ ಮೊನ್ನೆ ಫೋನು ಬಂತು. ಬಸ್ಸಿನ ಸದ್ದು ಕೇಳಿಸುತ್ತಿತ್ತು, ಅರಸೀಕೆರೆ ದಾಟಿದ್ದಳು. ಕ್ರೀಮಿನ ಮಾತೇ ಎತ್ತಲಿಲ್ಲ.

"ಅಲ್ಲ ಕಣೇ, ಆ ಗಂಡು ಕುದುರೆಗೆ ಅದು ಎಲ್ಲಿಂದ ಬಂತು ಅಂತ ನೀನು ಹೇಳಲೇ ಇಲ್ವಲ್ಲ?"

ವೃಷಣದಲ್ಲಿ ಅರೊಮಟೇಸ್ ಎಂಬ ಕಿಣ್ವ ಇರುತ್ತದೆ, ಗಂಡು ಹಾರ್ಮೋನನ್ನೇ ಈಸ್ಟ್ರೋಜೆನ್ ಮಾಡುತ್ತದೆ, ಚಿಕ್ಕಮ್ಮನ ಲೆಟ್ರೊಜೋಲ್ ತಡೆಯುವುದೂ ಅದನ್ನೇ ಎಂದು ಶುರು ಮಾಡಿದೆ. ನೆಟ್‌ವರ್ಕು ಹೋಯಿತೋ ಏನೋ, ಫೋನು ಕಟ್ಟಾಯಿತು.