ಅಂಜಿಕೆಯ ಹೊಸ್ತಿಲನ್ನು ದಾಟಿ

ಕ್ರೈಸ್ತನ ಧೈರ್ಯಕ್ಕೆ ಪರೀಕ್ಷೆ ನಡೆಯುವುದು ರಣರಂಗದಲ್ಲಲ್ಲ. ರೋಗಿಯ ಹಾಸಿಗೆಯ ಬಳಿ, ನೆರೆಮನೆಯ ಹೊಸ್ತಿಲಲ್ಲಿ. 1681ರಿಂದ 1684ರವರೆಗೆ ಕನ್ನಡ ಕರಾವಳಿಯಲ್ಲಿ ಸೇವೆ ಸಲ್ಲಿಸಿದ ಸಂತ ಜೋಸೆಫ್ ವಾಜ್ ಅವರ ಬಾಳೇ ಇದಕ್ಕೆ ನಿದರ್ಶನ.

ಗೋವೆಯ ಈ ಧರ್ಮಗುರುಗಳು 1687ರಲ್ಲಿ ಕೂಲಿಯಾಳಿನ ವೇಷ ಧರಿಸಿ ಶ್ರೀಲಂಕೆಯನ್ನು ಸೇರಿದರು. ಅಲ್ಲಿನ ಕರಾವಳಿಯನ್ನಾಳುತ್ತಿದ್ದ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. 1692ರಲ್ಲಿ ಕ್ಯಾಂಡಿ ರಾಜ್ಯದಲ್ಲಿ ಗೂಢಚಾರನೆಂಬ ಶಂಕೆಯಿಂದ ಅವರನ್ನು ಸೆರೆಯಲ್ಲಿಟ್ಟರು. 1697ರಲ್ಲಿ ಅದೇ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಸ್ವಂತ ಮನೆಯವರೇ ತೊರೆದುಹೋದ ರೋಗಿಗಳಿಗೆ ವಾಜರು ಅನ್ನನೀರು ಕೊಟ್ಟರು, ಶುಶ್ರೂಷೆ ಮಾಡಿದರು, ಸತ್ತವರನ್ನು ಮಣ್ಣುಮಾಡಿದರು. ಮತಭೇದವನ್ನೆಣಿಸಲಿಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಅಥಣಿ, ಚಿಕ್ಕೋಡಿ, ರಾಯಬಾಗ ಭಾಗದ ನದೀತೀರದ ಊರುಗಳು ಜಲಾವೃತವಾದವು. ಮರುವರ್ಷವೇ ಕೊರೋನಾ ಬಂದಿತು. ಬಾಗಿಲು ಮುಚ್ಚಿಕೊಳ್ಳಬೇಕೆನಿಸುವ ಭಯವನ್ನು ನಾವೂ ಅರಿತೆವು. ಭಯಪಡುವುದು ಪಾಪವಲ್ಲ. ಗೆತ್ಸೆಮನೆಯಲ್ಲಿ ಪ್ರಭು ಯೇಸುವೂ ತಳಮಳಗೊಂಡರು. ಆದರೆ ತಂದೆಯಲ್ಲಿ ಪ್ರಾರ್ಥಿಸಿ, ಎದ್ದು ಮುನ್ನಡೆದರು. ವಿಶ್ವಾಸವು ಭಯವನ್ನು ಅಳಿಸಲಾರದಿದ್ದರೂ, ಭಯದ ನಡುವೆಯೇ ಹೆಜ್ಜೆಯಿಡುವ ಬಲವನ್ನು ಕೊಡುತ್ತದೆ.

ಆ ಹೆಜ್ಜೆ ದೊಡ್ಡದಾಗಿರಬೇಕಿಲ್ಲ. ಅನಂತಪುರವಾಗಲಿ, ಕಾಗವಾಡವಾಗಲಿ, ಬೆಳೆ ಕೈಕೊಟ್ಟು ಸಾಲದಲ್ಲಿ ಬಿದ್ದ ರೈತನು ತನ್ನ ಸಂಕಟವನ್ನು ಮಡದಿಯೊಡನೆ ಬಾಯಿಬಿಟ್ಟು ಹೇಳುವುದೂ ಧೈರ್ಯವೇ. ಮುನಿಸಿಕೊಂಡ ಅಣ್ಣನ ಮನೆಗೆ ತಮ್ಮನು ತಾನಾಗಿ ಹೋಗುವುದೂ ಧೈರ್ಯವೇ. ಜನ ದೂರವಿಟ್ಟ ರೋಗಿಯ ಪಕ್ಕ ಕುಳಿತುಕೊಳ್ಳುವುದೂ ಧೈರ್ಯವೇ.

ಪ್ರಿಯ ಕುಟುಂಬಗಳೇ, ಇಂದು ಸಂಜೆ ಜಪಸರ ಮುಗಿದ ಮೇಲೆ, ನೀವು ಹೋಗಲು ಹಿಂಜರಿಯುವ ಒಂದು ಮನೆಯನ್ನು ನೆನೆಯಿರಿ. ಪ್ರಭುವಿನ ಹೆಸರಿನಲ್ಲಿ ಅಲ್ಲಿಗೆ ಹೋಗಿಬನ್ನಿರಿ.