ದ್ವೀಪದ ಶಿಲೆಯೂ ಭೂಗರ್ಭದ ಚರಿತ್ರೆಯೂ

ಸೋವಿಯತ್ ದೇಶದ ಕೋಲಾ ಪರ್ಯಾಯದ್ವೀಪದಲ್ಲಿ 1989ರ ವೇಳೆಗೆ ನೆಲವನ್ನು 12 ಕಿಲೊಮೀಟರಿಗೂ ಆಳವಾಗಿ ಕೊರೆಯಲಾಗಿತ್ತು. ಆದರೂ ಭೂಚಿಪ್ಪಿನ ಕೆಳಗಿನ ಮ್ಯಾಂಟಲ್ ಎಂಬ ಶಿಲಾವಲಯವನ್ನು ಮುಟ್ಟಲಾಗಲಿಲ್ಲ. ಸುಮಾರು 2,900 ಕಿಲೊಮೀಟರ್ ಆಳದವರೆಗೆ ಹಬ್ಬಿರುವ ಈ ವಲಯ ಎಲ್ಲೆಡೆಯೂ ಒಂದೇ ಬಗೆಯದೇ? ಕೈಗೆಟುಕದ ವಸ್ತುವನ್ನು ಕುರಿತ ಈ ಪ್ರಶ್ನೆಗೆ ಉತ್ತರ ದೊರೆತುದು ಜ್ವಾಲಾಮುಖಿಗಳು ಹೊರಚೆಲ್ಲುವ ಲಾವಾದಿಂದ.

ರುಬಿಡಿಯಂ-87 ವಿಕಿರಣಶೀಲ ಪರಮಾಣು. ಅದು ಎಲೆಕ್ಟ್ರಾನೊಂದನ್ನು ಹೊರಸೂಸಿ ಸ್ಟ್ರಾಂಷಿಯಂ-87 ಆಗಿ ಮಾರ್ಪಡುತ್ತದೆ. ಅರ್ಧಾಯುಷ್ಯ ಸುಮಾರು 4,900 ಕೋಟಿ ವರ್ಷ. ಭೂಮಿಯ ವಯಸ್ಸಿನ ಹತ್ತು ಪಟ್ಟಿಗೂ ಹೆಚ್ಚು! ಸ್ಟ್ರಾಂಷಿಯಂ-86 ಮಾತ್ರ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದ್ದರಿಂದ ರುಬಿಡಿಯಂ ಅಧಿಕವಾಗಿರುವ ಶಿಲೆಯಲ್ಲಿ 87ಕ್ಕೂ 86ಕ್ಕೂ ಇರುವ ಪ್ರಮಾಣ ಬೇಗನೆ ಏರುತ್ತದೆ. ರಾಸಾಯನಿಕವಾಗಿ ಇವೆರಡೂ ಒಂದೇ ಆದುದರಿಂದ ಶಿಲೆ ಕರಗಿದರೂ ಈ ಪ್ರಮಾಣ ಬದಲಾಗದು. ಲಾವಾ ತನ್ನ ತವರಿನ ಗುರುತನ್ನು ಹೊತ್ತೇ ಮೇಲೆ ಬರುತ್ತದೆ.

ಮ್ಯಾಂಟಲಿನ ಶಿಲೆ ಕರಗುವುದು ಅಲ್ಪಭಾಗ ಮಾತ್ರ. ಆಗ ಗಾತ್ರದಲ್ಲಿ ದೊಡ್ಡದಾದ ರುಬಿಡಿಯಂ ಅಯಾನು ಸ್ಫಟಿಕಗಳಲ್ಲಿ ಹಿಡಿಸದೆ ದ್ರವಕ್ಕೆ ಸೇರುತ್ತದೆ. ಸ್ಟ್ರಾಂಷಿಯಂ ಅಷ್ಟು ಸುಲಭವಾಗಿ ಸೇರದು. ಕಾಫಿಪುಡಿಯ ಮೊದಲ ಡಿಕಾಕ್ಷನ್ನಿನಲ್ಲಿಯೇ ಸಾರವೆಲ್ಲ ಇಳಿದು ಎರಡನೆಯದು ಸಪ್ಪೆಯಾಗುವುದನ್ನು ನಾವು ಬಲ್ಲೆವಷ್ಟೆ. ಹೀಗೆ ಬೇರೆಯಾದ ಸಾರ ಖಂಡಗಳ ಶಿಲೆಯನ್ನು ಸೇರಿತು, ಚರಟ ಕೆಳಗುಳಿಯಿತು. ಸಾಗರಮಧ್ಯದ ಪರ್ವತಶ್ರೇಣಿಗಳ ಲಾವಾದಲ್ಲಿ ಮೇಲೆ ಹೇಳಿದ ಪ್ರಮಾಣ ಸುಮಾರು 0.7025, ಖಂಡಗಳ ಪ್ರಾಚೀನ ಶಿಲೆಗಳಲ್ಲಿ ಅನೇಕ ವೇಳೆ ಅದು 0.71ನ್ನು ಮೀರುತ್ತದೆ. ವ್ಯತ್ಯಾಸ ಕ್ಷುಲ್ಲಕವೆಂದು ತೋರಬಹುದು. ಅದನ್ನು ಅಳೆಯುವ ಉಪಕರಣಕ್ಕೆ ಅದು ಬಲು ದೊಡ್ಡ ಅಂತರ.

1964ರಲ್ಲಿ ಗ್ಯಾಸ್ಟ್, ಟಿಲ್ಟನ್ ಮತ್ತು ಹೆಡ್ಜ್ ಎಂಬುವರು ಅಟ್ಲಾಂಟಿಕ್ ಸಾಗರದ ಅಸೆನ್ಷನ್ ಮತ್ತು ಗಾಫ್ ದ್ವೀಪಗಳ ಶಿಲೆಗಳನ್ನು ಪರೀಕ್ಷಿಸಿದರು. ಎರಡರಲ್ಲಿಯೂ ಪ್ರಮಾಣ ಬೇರೆ ಬೇರೆ! ದಾರಿಯಲ್ಲಿ ಖಂಡದ ಶಿಲೆ ಬೆರೆತಿದೆ ಎನ್ನೋಣವೆಂದರೆ, ನಡುಸಾಗರದಲ್ಲಿ ಖಂಡವೆಲ್ಲಿಯದು? ಭೇದವಿದ್ದುದು ಮ್ಯಾಂಟಲಿನಲ್ಲಿಯೇ.

ಇದಕ್ಕಿಂತ ವಿಸ್ಮಯಕರವಾದುದು ಶಾಂತಸಾಗರದ ಸಮೋವಾ ದ್ವೀಪಗಳ ಬಳಿ ಸಮುದ್ರತಳದಿಂದ ಎತ್ತಿದ ಲಾವಾಶಿಲೆ. 2007ರಲ್ಲಿ ಪ್ರಕಟವಾದ ಮಾಪನದಂತೆ ಅದರ ಪ್ರಮಾಣ 0.7205. ಇದು ಖಂಡದ ಗುರುತು. ಖಂಡಗಳಿಂದ ಕೊಚ್ಚಿಹೋದ ಮಣ್ಣು ಸಾಗರತಳವನ್ನು ಸೇರಿ, ಆ ತಳದೊಡನೆ ಸಾಗರಕಂದಕಗಳಲ್ಲಿ ಭೂಗರ್ಭಕ್ಕೆ ಇಳಿದು, ಯುಗಗಳ ತರುವಾಯ ಲಾವಾದೊಡನೆ ಮರಳಿ ಬಂದಿತೆಂದು ವಿಜ್ಞಾನಿಗಳು ತರ್ಕಿಸುತ್ತಾರೆ.

ನಿರಂತರವಾಗಿ ಕದಡುತ್ತಿರುವ ಮ್ಯಾಂಟಲಿನಲ್ಲಿ ಅದು ಬೆರೆತು ಮಾಯವಾಗಲಿಲ್ಲವೇಕೆ? ಮ್ಯಾಂಟಲ್ ಬಹುಮಟ್ಟಿಗೆ ಘನಶಿಲೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹರಿಯುತ್ತದೆ. ಈ ಕದಡುವಿಕೆ ಹಳೆಯ ತುಣುಕುಗಳನ್ನು ಎಳೆಎಳೆಯಾಗಿ ಹಿಗ್ಗಿಸಬಲ್ಲುದು. ಆದರೆ ಅಂತಹ ಶಿಲೆಯೊಳಗೆ ಪರಮಾಣುಗಳು 100 ಕೋಟಿ ವರ್ಷಗಳಲ್ಲಿಯೂ ಹೆಚ್ಚೆಂದರೆ ಕೆಲವೇ ಮೀಟರು ಸರಿಯಬಲ್ಲವು.