ಎಳೆಯುವವರಿಗೂ ಕಾಲೂರಲು ನೆಲ ಬೇಕು

ಹಲ್ಲಿಗೆ ಕ್ಲಿಪ್ ಹಾಕಿಸುವುದೆಂದರೆ ತಂತಿ, ಲೋಹದ ಗುಂಡಿ, ಅದರ ಸಂದಿಗೆ ಸಿಕ್ಕಿಕೊಳ್ಳುವ ಸೊಪ್ಪಿನ ಎಳೆ ಎಂದಷ್ಟೇ ತಿಳಿದಿದ್ದವರ ಮುಂದೆ ಈಗ ಅಲೈನರ್ ಬಂದಿದೆ. ಹಲ್ಲಿನ ಸಾಲಿಗೆ ಟೋಪಿಯಂತೆ ಕೂರುವ ಪಾರದರ್ಶಕ ಪ್ಲಾಸ್ಟಿಕ್ ಅಚ್ಚು ಅದು. ಮೊದಲು ಬಾಯೊಳಗೆ ಸ್ಕ್ಯಾನರ್ ಆಡಿಸಿ ಹಲ್ಲುಗಳನ್ನು ಕಂಪ್ಯೂಟರಿಗೆ ಇಳಿಸುತ್ತಾರೆ. ಪರದೆಯ ಮೇಲೆ ಉಬ್ಬುಹಲ್ಲುಗಳು ಮೆಲ್ಲಗೆ ಹಿಂದೆ ಸರಿದು, ನೋಡನೋಡುತ್ತಲೇ ಸಾಲು ನೆಟ್ಟಗಾಗುತ್ತದೆ. ಆದರೆ ಆ ಹಲ್ಲುಗಳನ್ನು ಎಳೆದದ್ದು ಯಾವುದು, ಎಳೆದದ್ದು ಎಲ್ಲಿ ಕಾಲೂರಿ ನಿಂತಿತ್ತು ಎಂಬುದು ಆ ಚಿತ್ರದಲ್ಲಿ ಕಾಣುವುದಿಲ್ಲ. ತಂತಿಯೋ ಪ್ಲಾಸ್ಟಿಕ್ಕೋ ಎಂದು ಚರ್ಚಿಸುವವರು ಬಹಳ. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಮೊದಲನೆಯದು ಕಾಲೂರುವ ಪ್ರಶ್ನೆ. ವಕ್ರದಂತ ತಜ್ಞರು ಅದನ್ನು ಆಂಕರೇಜ್ ಎನ್ನುತ್ತಾರೆ, ನಾವು ಆಸರೆ ಎನ್ನೋಣ.

ಹಲ್ಲು ದವಡೆಗೆ ಮೊಳೆಯಂತೆ ಹೊಡೆದು ಕೂರಿಸಿದ ವಸ್ತುವಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಹಲ್ಲನ್ನು ಒಂದೇ ಕಡೆಗೆ ಹಗುರವಾಗಿ ಒತ್ತುತ್ತಲೇ ಇದ್ದರೆ, ಒತ್ತಿದ ಬದಿಯಲ್ಲಿ ಮೂಳೆ ಕರಗಿಸುವ ಕೋಶಗಳು ಕೆಲಸಕ್ಕಿಳಿಯುತ್ತವೆ, ಎದುರು ಬದಿಯಲ್ಲಿ ಹೊಸ ಮೂಳೆ ಕಟ್ಟುತ್ತದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ ನಾಯಿಯ ಹಲ್ಲುಗಳನ್ನು ಸರಿಸಿ, ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ವಿವರಿಸಿದ್ದು 1904-05ರಲ್ಲಿ. ಅಲೈನರ್ ನಡೆಯುವುದೂ ಇದೇ ದಾರಿಯಲ್ಲಿ. ಪ್ರತಿ ಅಚ್ಚಿನಲ್ಲೂ ಹಲ್ಲಿನ ಗುಳಿ ಈಗಿನ ಜಾಗದಿಂದ ಹೆಚ್ಚೆಂದರೆ 0.25 ಮಿಲಿಮೀಟರಿನಷ್ಟು ಆಚೆಗಿರುತ್ತದೆ, ಹೆಚ್ಚುಕಡಿಮೆ ಆ ನಾರುಪದರದ ದಪ್ಪದಷ್ಟೇ. ದಿನಕ್ಕೆ 20ರಿಂದ 22 ಗಂಟೆ ತೊಟ್ಟು, ವಾರಕ್ಕೋ ಎರಡು ವಾರಕ್ಕೋ ಅಚ್ಚು ಬದಲಿಸುತ್ತಾರೆ. ಇಲ್ಲೊಂದು ಪೇಚಿದೆ. ಯಾವ ಹಲ್ಲು ಸರಿಯಬೇಕು, ಯಾವುದು ನಿಲ್ಲಬೇಕು ಎಂದು ವೈದ್ಯರು ಬರೆದ ಪಟ್ಟಿ ಮೂಳೆ ಕರಗಿಸುವ ಕೋಶಗಳಿಗೆ ಗೊತ್ತಿಲ್ಲ. ಒತ್ತಡ ಬಿದ್ದಲ್ಲೆಲ್ಲ ಅವು ತಮ್ಮ ಕೆಲಸ ಮಾಡುತ್ತವೆ.

ಮೇಲಿನ ಹಲ್ಲುಗಳು ತೀರಾ ಮುಂದೆ ಬಂದಿದ್ದಾಗ ಎರಡೂ ಬದಿಯಲ್ಲಿ ಕೋರೆಹಲ್ಲಿನ ಪಕ್ಕದ ಮುಂದವಡೆ ಹಲ್ಲನ್ನು ಕಿತ್ತು, ಆಗುವ ಸುಮಾರು 7 ಮಿಲಿಮೀಟರ್ ಜಾಗಕ್ಕೆ ಮುಂದಿನ ಆರು ಹಲ್ಲುಗಳನ್ನು ಎಳೆದುಕೊಳ್ಳುವುದು ಹಳೆಯ ಕ್ರಮ. ಹಿಂದಿನ ದವಡೆಹಲ್ಲು ದಪ್ಪ, ಮೂರು ಬೇರಿನದು. ಅದೆಲ್ಲಿಗೆ ಹೋದೀತು ಎನಿಸುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಬೇರಿನ ಮೇಲ್ಮೈಯ ಸರಾಸರಿ ಅಳತೆಯಲ್ಲಿ, ಮೇಲಿನ ಆರು ಮುಂಬಲ್ಲುಗಳದ್ದು ಒಟ್ಟು ಸುಮಾರು 1,300 ಚದರ ಮಿಲಿಮೀಟರ್. ಎರಡೂ ಬದಿಯ ಉಳಿದ ಮುಂದವಡೆ ಹಲ್ಲು ಮತ್ತು ಮೊದಲ ದವಡೆಹಲ್ಲು ಸೇರಿದರೂ ಅಷ್ಟೇ. ಎರಡು ಹರಿಗೋಲುಗಳ ನಡುವೆ ಹಗ್ಗ ಕಟ್ಟಿ ಒಂದರಲ್ಲಿ ಕೂತು ಎಳೆದಂತೆ ಇದು: ಆ ಹರಿಗೋಲು ಇತ್ತ ಬರುತ್ತದೆ, ನಿಮ್ಮದೂ ಅತ್ತ ಹೋಗುತ್ತದೆ. ಎರಡನೆಯ ದವಡೆಹಲ್ಲನ್ನೂ ಕಟ್ಟಿಕೊಂಡರೆ ಹಿಂದಿನ ಗುಂಪಿಗೆ ಬಲ ಬರುತ್ತದೆ, ನಿಜ. ಆದರೂ ಅದು ತೇಲುವ ಹರಿಗೋಲೇ, ದಡವಲ್ಲ.

ಅಲೈನರ್ ಈ ಕಷ್ಟಕ್ಕೆ ತನ್ನದೊಂದನ್ನು ಸೇರಿಸುತ್ತದೆ. ಅದು ಹಿಡಿಯುವುದು ಹಲ್ಲಿನ ತಲೆಯನ್ನು, ಸರಿಯಬೇಕಾದದ್ದು ಬೇರು. ಕೆಸರಿನಲ್ಲಿ ನೆಟ್ಟ ಗೂಟದ ತಲೆ ತಳ್ಳಿದರೆ ಗೂಟ ವಾಲುತ್ತದೆಯೇ ಹೊರತು ನಿಂತ ನಿಲುವಿನಲ್ಲಿ ಪಕ್ಕಕ್ಕೆ ಹೋಗುವುದಿಲ್ಲ. ಹಲ್ಲು ಕಿತ್ತ ಜಾಗದಲ್ಲಂತೂ ತೆಳು ಪ್ಲಾಸ್ಟಿಕ್ಕಿಗೆ ಹಿಡಿಯಲು ಏನೂ ಇಲ್ಲ. ಎರಡು ಕಂಬಕ್ಕೆ ಹಗ್ಗ ಕಟ್ಟಿ ಒದ್ದೆ ಸೀರೆ ಹರವಿದಾಗ ಹಗ್ಗ ಜೋತು ಕಂಬಗಳೆರಡೂ ಒಳಕ್ಕೆ ವಾಲುತ್ತವಲ್ಲ, ಬಾಯಲ್ಲೂ ಹಾಗೇ: ದವಡೆಹಲ್ಲು ಮುಂದಕ್ಕೆ ಬಾಗುತ್ತದೆ, ಬಾಚಿಹಲ್ಲು ಹಿಂದಕ್ಕೆ ಬಾಗಿ ಅದರ ಅಂಚು ಕೆಳಗಿಳಿದು ಕೆಳಹಲ್ಲನ್ನು ಮುಚ್ಚುತ್ತದೆ. ಹಲ್ಲಿನ ಬಣ್ಣದ ಕಾಂಪೋಸಿಟ್ಟಿನ ಪುಟ್ಟ ದಿಬ್ಬಗಳನ್ನು ಹಲ್ಲಿಗೆ ಅಂಟಿಸುವುದು ಹಿಡಿತ ಹೆಚ್ಚಿಸಲೆಂದೇ. ಆದರೂ ಪರದೆಗೂ ಬಾಯಿಗೂ ಅಂತರ ಉಳಿಯುತ್ತದೆ. ಇನ್ವಿಸಲೈನ್ ಎಂಬ ಬ್ರಾಂಡಿನ ಅಲೈನರುಗಳಲ್ಲಿ ಮುಂಬಲ್ಲುಗಳ ಚಲನೆ ಅಳೆದ 2009ರ ಅಧ್ಯಯನದಲ್ಲಿ, ಕಂಪ್ಯೂಟರ್ ಹೇಳಿದ್ದರಲ್ಲಿ ಸರಾಸರಿ ಶೇಕಡಾ 41ರಷ್ಟು ಮಾತ್ರ ಬಾಯಲ್ಲಿ ಆಗಿತ್ತು. 2020ರ ಇನ್ನೊಂದರಲ್ಲಿ ಅದು ಶೇಕಡಾ 50. ಅದಕ್ಕೇ ಮಧ್ಯದಲ್ಲಿ ಮತ್ತೆ ಸ್ಕ್ಯಾನ್ ಮಾಡಿ ಹೊಸ ಅಚ್ಚುಗಳನ್ನು ತರಿಸುವುದು.

ಹಾಗಾದರೆ ದಡ ಎಲ್ಲಿದೆ? ಮೂಳೆಯಲ್ಲೇ. 1983ರಲ್ಲಿ ಕ್ರೀಕ್‌ಮೋರ್ ಮತ್ತು ಎಕ್‌ಲಂಡ್ ಎಂಬ ಅಮೆರಿಕದ ತಜ್ಞರು ಒಬ್ಬಾಕೆಯ ಮೂಗಿನ ಕೆಳಗಿನ ಮೂಳೆಗೆ ಲೋಹದ ಸ್ಕ್ರೂ ಕೂರಿಸಿ, ಅದನ್ನೇ ಹಿಡಿದು ಮೇಲಿನ ಬಾಚಿಹಲ್ಲುಗಳನ್ನು ಸುಮಾರು 6 ಮಿಲಿಮೀಟರ್ ಮೇಲಕ್ಕೆ ಎಳೆದ ವರದಿ ಪ್ರಕಟಿಸಿದರು. 1997ರಲ್ಲಿ ಜಪಾನಿನ ಕಾನೋಮಿ 1.2 ಮಿಲಿಮೀಟರ್ ವ್ಯಾಸದ ಮಿನಿ ಸ್ಕ್ರೂ ವಿವರಿಸಿದರು. ಅಲೈನರನ್ನು ಮಾರುಕಟ್ಟೆಗೆ ತಂದ ಅಲೈನ್ ಟೆಕ್ನಾಲಜಿ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದೂ ಅದೇ ವರ್ಷ. ಸ್ಕ್ರೂವಿಗೂ ಅಲೈನರಿಗೂ ಪರಸ್ಪರ ಅಗತ್ಯ ಬೀಳುತ್ತದೆಂದು ಆಗ ಯಾರು ಎಣಿಸಿದ್ದರೋ. ಈಗ ಸಾಮಾನ್ಯವಾಗಿ ಮುಂದವಡೆ ಹಲ್ಲಿನ ಮತ್ತು ದವಡೆಹಲ್ಲಿನ ಬೇರುಗಳ ನಡುವೆ ಟೈಟೇನಿಯಂ ಮಿಶ್ರಲೋಹದ ಸ್ಕ್ರೂ ತಿರುಗಿಸುತ್ತಾರೆ. ಒಸಡಿನಿಂದ ಅದರ ತಲೆಯಷ್ಟೇ ಹೊರಗೆ ಕಾಣುತ್ತದೆ. ಅಲೈನರಿನ ಅಂಚಿನಲ್ಲಿ ಕತ್ತರಿಸಿದ ಕೊಕ್ಕೆಯಿಂದ ಆ ತಲೆಗೆ ಪುಟ್ಟ ರಬ್ಬರ್ ಬ್ಯಾಂಡ್. ಎಳೆತದ ಭಾರ ಈಗ ದವಡೆಹಲ್ಲಿನ ಬದಲು ಮೂಳೆಯ ಮೇಲೆ.

ಸ್ಕ್ರೂ ಯಾಕೆ, ಹಲ್ಲುಗಳನ್ನು ಸರದಿಯ ಮೇಲೆ, ಮೊದಲು ಕೋರೆ ಆಮೇಲೆ ಬಾಚಿ ಎಂದು ಎಳೆದರಾಯಿತಲ್ಲ ಎಂಬ ವಾದವಿದೆ. ಕೇಳಲು ಚೆನ್ನ. ಆದರೆ ಎರಡು ಸಲ ಎಳೆದರೆ ಹಿಂದಿನ ಹಲ್ಲಿನ ಮೇಲೆ ಎರಡು ಸಲ ಭಾರ ಬೀಳುತ್ತದೆ. ತಂತಿಯ ಚಿಕಿತ್ಸೆಯಲ್ಲಿ ಎರಡೂ ಕ್ರಮಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ದವಡೆಹಲ್ಲು ಮುಂದೆ ಬಂದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಹಾಗೆಂದು ಎಲ್ಲರ ಬಾಯಿಗೂ ಸ್ಕ್ರೂ ಬೇಕಿಲ್ಲ. ಒಂದೆರಡು ಮಿಲಿಮೀಟರ್ ಇಕ್ಕಟ್ಟಿಗೆ ಅಕ್ಕಪಕ್ಕದ ಹಲ್ಲಿನ ಆಸರೆಯೇ ಧಾರಾಳ. ಸ್ಕ್ರೂವನ್ನೂ ಹಾಕಿಸಿಕೊಳ್ಳುವುದಾದರೆ ತಂತಿಯೇ ಆಗಬಹುದಿತ್ತಲ್ಲ ಎಂಬ ಆಕ್ಷೇಪದಲ್ಲಿ ಹೆಚ್ಚು ತಿರುಳಿದೆ. ಬೇರನ್ನು ನೆಟ್ಟಗೆ ಸರಿಸುವುದರಲ್ಲಿ ತಂತಿ ಇನ್ನೂ ಮುಂದಿದೆ, ಸ್ಕ್ರೂ ಆ ಕೊರತೆ ತುಂಬುವುದಿಲ್ಲ. ತೆಗೆದಿಟ್ಟು ಉಣ್ಣುವ, ಹಲ್ಲುಜ್ಜುವ ಅನುಕೂಲಕ್ಕೆ ಬೆಲೆ ಕೊಡುವವರಿಗೆ ಮಾತ್ರ ಈ ಜೋಡಿ. ಇನ್ನು ಸ್ಕ್ರೂ ಎಂಬ ದಡವೂ ಬಂಡೆಯಲ್ಲ: ನೂರರಲ್ಲಿ 13-14 ಸಡಿಲಗೊಂಡು ಬೀಳುತ್ತವೆ, ಉಳಿದವುಗಳಲ್ಲೂ ಕೆಲವು ಎಳೆತದ ಕಡೆಗೆ ತುಸು ವಾಲುತ್ತವೆ. ಮೂಳೆಗೆ ಸ್ಕ್ರೂ ಎಂದರೆ ಎದೆ ಝಲ್ಲೆನ್ನುವುದು ಸಹಜ. ಆದರೆ ಅದನ್ನು ಕೂರಿಸಲು ಒಸಡು ಮರಗಟ್ಟುವಷ್ಟು ಚುಚ್ಚುಮದ್ದು ಸಾಕು. ಕೆಲಸ ಮುಗಿದ ಮೇಲೆ ವೈದ್ಯರು ಪುಟ್ಟ ಸ್ಕ್ರೂಡ್ರೈವರನ್ನು ಅದರ ತಲೆಗೆ ಕೂರಿಸಿ ಹಿಂದಕ್ಕೆ ತಿರುಗಿಸುತ್ತಾರೆ, ಕೆಲವೇ ಸುತ್ತುಗಳಲ್ಲಿ ಅದು ಕೈಗೆ ಬರುತ್ತದೆ.